ಮಗುವಿನ ವಾಂತಿಭೇದಿ, ಆಸ್ಪತ್ರೆಯ ಹಾಸಿಗೆ, ಮನೆಯ ಸಾಲ



ನಿಮ್ಮ ಸಂಘದ ಸಾಲದ ಪುಸ್ತಕವನ್ನು ಒಮ್ಮೆ ತೆಗೆದು ನೋಡಿ. ಸಾಲದ ಉದ್ದೇಶ ಎಂಬ ಜಾಗದಲ್ಲಿ ಹಸು ಕೊಳ್ಳಲು, ಹೊಲಿಗೆ ಯಂತ್ರಕ್ಕೆ, ಮಗಳ ಫೀಸಿಗೆ, ಮನೆ ರಿಪೇರಿಗೆ ಅಂತ ಬರೆದಿರುತ್ತದೆ. ಇವುಗಳ ಮಧ್ಯೆ ‘ಆಸ್ಪತ್ರೆ ಖರ್ಚು’ ಎಂಬುದು ಎಷ್ಟು ಸಲ ಬಂದಿದೆ ಎಂದು ಎಣಿಸಿ. ಹಸುವಿನ ಸಾಲ ಹಾಲು ಮಾರಿ ತೀರುತ್ತದೆ. ಹೊಲಿಗೆ ಯಂತ್ರದ ಸಾಲ ಹೊಲಿದು ತೀರುತ್ತದೆ. ಆಸ್ಪತ್ರೆಗೆ ಮಾಡಿದ ಸಾಲದಿಂದ ಮಾತ್ರ ಒಂದು ಪೈಸೆ ಆದಾಯವೂ ಹುಟ್ಟುವುದಿಲ್ಲ. ಅದನ್ನು ಕೂಲಿಯಿಂದ, ಹೊಟ್ಟೆ ಕಟ್ಟಿ, ತೀರಿಸಬೇಕು.

ಎಲ್ಲಾ ಕಾಯಿಲೆಯನ್ನೂ ನಾವು ತಡೆಯಲು ಆಗುವುದಿಲ್ಲ. ಆದರೆ ಎರಡು ವರ್ಷದೊಳಗಿನ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವಂತೆ ಮಾಡುವ ಒಂದು ದೊಡ್ಡ ಕಾರಣವನ್ನು ಬಹುಮಟ್ಟಿಗೆ ಕಡಿಮೆ ಮಾಡಲು ತಾಯಂದಿರ ಕೈಯಲ್ಲೇ ದಾರಿ ಇದೆ. ಆ ಕಾರಣ ವಾಂತಿಭೇದಿ. ಅದರಲ್ಲೂ ರೋಟಾ ವೈರಸ್ ಎಂಬ ರೋಗಾಣುವಿನಿಂದ ಬರುವ ವಾಂತಿಭೇದಿ. ಈ ಸಲ ಅದರ ಬಗ್ಗೆ ತಿಳಿದುಕೊಳ್ಳೋಣ.

ರೋಟಾ ವೈರಸ್ ಎಂದರೇನು?

‘ರೋಟಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಕ್ರ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ವೈರಸ್ಸು ಗಾಡಿಯ ಚಕ್ರದ ಹಾಗೆ ಕಾಣುತ್ತದೆ. ಆದ್ದರಿಂದ ಆ ಹೆಸರು. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ಜೊತೆಗಾರರು ಭೇದಿಯಿಂದ ಆಸ್ಪತ್ರೆ ಸೇರಿದ್ದ ಮಕ್ಕಳ ಕರುಳಿನಲ್ಲಿ ಇದನ್ನು ಕಂಡುಹಿಡಿದರು. ಅಲ್ಲಿಯವರೆಗೆ ಇಂಥ ಬಹಳಷ್ಟು ಮಕ್ಕಳ ಭೇದಿಗೆ ಕಾರಣವೇ ಗೊತ್ತಾಗುತ್ತಿರಲಿಲ್ಲ.

ನಮ್ಮಲ್ಲಿ ಇವತ್ತಿಗೂ ಮಗುವಿಗೆ ಭೇದಿಯಾದರೆ “ಹಲ್ಲು ಬರ್ತಾ ಇದೆ, ಅದಕ್ಕೇ” ಅನ್ನುತ್ತಾರೆ. “ದೃಷ್ಟಿ ಆಗಿದೆ” ಅನ್ನುತ್ತಾರೆ. “ತಾಯಿ ತಿಂದದ್ದು ಹಾಲಿನಲ್ಲಿ ಇಳಿದಿದೆ” ಅಂತ ತಾಯಿಯನ್ನೇ ದೂರುತ್ತಾರೆ. ಹಲ್ಲು ಬರುವ ವಯಸ್ಸು ಮತ್ತು ರೋಟಾ ಕಾಯಿಲೆ ಜೋರಾಗಿ ಬರುವ ವಯಸ್ಸು ಹೆಚ್ಚುಕಡಿಮೆ ಒಂದೇ. ಆರು ತಿಂಗಳಿಂದ ಎರಡು ವರ್ಷ. ಅಷ್ಟೇ ಹೊರತು ಹಲ್ಲಿಗೂ ನೀರು ನೀರಾಗಿ ಆಗುವ ಭೇದಿಗೂ ಸಂಬಂಧವಿಲ್ಲ. ಆ ವಯಸ್ಸಿನಲ್ಲಿ ಮಗು ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕುತ್ತದೆ. ರೋಗಾಣು ಒಳಗೆ ಹೋಗುವುದು ಹಾಗೆ.

ಈ ವೈರಸ್ಸು ಬಡವರ ಮನೆ, ಶ್ರೀಮಂತರ ಮನೆ ಅಂತ ನೋಡುವುದಿಲ್ಲ. ಪ್ರಪಂಚದ ಹೆಚ್ಚುಕಡಿಮೆ ಎಲ್ಲಾ ಮಕ್ಕಳಿಗೂ ಐದು ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಇದು ತಗಲುತ್ತದೆ. ಶುದ್ಧ ನೀರು, ಒಳ್ಳೆಯ ಶೌಚಾಲಯ ಇರುವ ದೇಶಗಳಲ್ಲೂ ತಗಲುತ್ತದೆ. ವ್ಯತ್ಯಾಸ ಇರುವುದು ಆಮೇಲೆ. ಹತ್ತಿರದಲ್ಲಿ ಆಸ್ಪತ್ರೆ ಇರುವ, ಮೈಯಲ್ಲಿ ಶಕ್ತಿ ಇರುವ ಮಗು ಬದುಕುತ್ತದೆ. ಬಡಕಲಾದ, ದೂರದ ಹಳ್ಳಿಯ ಮಗು ಸಾವಿನ ಬಾಗಿಲಿಗೆ ಹೋಗುತ್ತದೆ.

ಆಸ್ಪತ್ರೆಗಳ ಲೆಕ್ಕ ಏನು ಹೇಳುತ್ತದೆ?

“ಬರೀ ಭೇದಿ ತಾನೇ, ಅದಕ್ಕೇನು ಅಷ್ಟು ಗಾಬರಿ?” ಎನ್ನುವವರು ಈ ಲೆಕ್ಕ ನೋಡಬೇಕು.

2005ರ ಕೊನೆಯಿಂದ 2007ರವರೆಗೆ ನಮ್ಮ ದೇಶದ ಬೇರೆ ಬೇರೆ ಭಾಗಗಳ ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಭೇದಿಯಿಂದ ದಾಖಲಾದ ಐದು ವರ್ಷದೊಳಗಿನ 4,243 ಮಕ್ಕಳ ಮಲವನ್ನು ಪರೀಕ್ಷೆ ಮಾಡಿದರು. ನೂರಕ್ಕೆ 39 ಮಕ್ಕಳಲ್ಲಿ ರೋಟಾ ವೈರಸ್ ಸಿಕ್ಕಿತು. ಅಂದರೆ ಭೇದಿಯ ವಾರ್ಡಿನಲ್ಲಿ ಹತ್ತು ಮಕ್ಕಳು ಮಲಗಿದ್ದರೆ ಅವರಲ್ಲಿ ನಾಲ್ವರು ಈ ಒಂದೇ ರೋಗಾಣುವಿನಿಂದ ಬಂದವರು.

ಲಸಿಕೆ ಬರುವುದಕ್ಕೆ ಮುಂಚಿನ ವರ್ಷಗಳ ಬಗ್ಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತಜ್ಞರು ಇಡೀ ದೇಶದ ಅಂದಾಜನ್ನು 2014ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ರೋಟಾ ಭೇದಿಯಿಂದ ಭಾರತದಲ್ಲಿ ಒಂದು ವರ್ಷಕ್ಕೆ:

- ಹೊರರೋಗಿಗಳಾಗಿ ಡಾಕ್ಟರ ಹತ್ತಿರ ಹೋಗುತ್ತಿದ್ದದ್ದು ಸುಮಾರು 32 ಲಕ್ಷ ಸಲ.
- ಆಸ್ಪತ್ರೆಗೆ ದಾಖಲಾಗುತ್ತಿದ್ದ ಮಕ್ಕಳು ಸುಮಾರು 8 ಲಕ್ಷ 72 ಸಾವಿರ.
- ಸಾಯುತ್ತಿದ್ದ ಮಕ್ಕಳು ಸುಮಾರು 78 ಸಾವಿರ. ಇವರಲ್ಲಿ 59 ಸಾವಿರ ಮಕ್ಕಳು ಎರಡು ವರ್ಷದೊಳಗಿನವರು.
- ಚಿಕಿತ್ಸೆಗೆ ನೇರವಾಗಿ ತಗಲುತ್ತಿದ್ದ ಖರ್ಚು ಸುಮಾರು 1,000 ಕೋಟಿ ರೂಪಾಯಿ.

8 ಲಕ್ಷ 72 ಸಾವಿರವನ್ನು ದಿನದ ಲೆಕ್ಕಕ್ಕೆ ಹಾಕಿ. ದಿನಕ್ಕೆ ಸುಮಾರು 2,400 ಮಕ್ಕಳು ಹಾಸಿಗೆ ಹಿಡಿಯುತ್ತಿದ್ದರು. ಪ್ರತಿ ಹಾಸಿಗೆಯ ಪಕ್ಕದಲ್ಲಿ ಒಬ್ಬ ತಾಯಿ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತಿರುತ್ತಾಳೆ. ಆ ತಾಯಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾಕೆಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರಿಪ್ಪು ಪುಕ್ಕಟೆ ಇದ್ದರೂ ಮನೆಯ ಖರ್ಚು ನಿಲ್ಲುವುದಿಲ್ಲ. ರಾತ್ರಿ ಹೊತ್ತಿನಲ್ಲಿ ಮಾಡಿದ ಆಟೋ ಬಾಡಿಗೆ. ಮೊದಲು ಹತ್ತಿರದ ಕ್ಲಿನಿಕ್ಕಿನಲ್ಲಿ ಕೊಟ್ಟ ಫೀಸು. ಹೊರಗಿನಿಂದ ತಂದ ಔಷಧಿ. ಆಸ್ಪತ್ರೆಯಲ್ಲಿ ಕೂತ ತಾಯಿಯ ಕೂಲಿ ಹೋಯಿತು. ಊಟ ತಂದುಕೊಡುವ ತಂದೆಯ ಕೂಲಿಯೂ ಹೋಯಿತು. ಮನೆಯಲ್ಲಿ ಚಿಕ್ಕವರನ್ನು ನೋಡಿಕೊಳ್ಳಲು ದೊಡ್ಡ ಮಗಳು ಶಾಲೆ ಬಿಟ್ಟಳು. ಆ ವಾರ ಸಂಘದ ಉಳಿತಾಯ ಕಟ್ಟಲಿಲ್ಲ, ಹಳೇ ಸಾಲದ ಕಂತು ನಿಂತಿತು. ಇದೆಲ್ಲಾ ಆಸ್ಪತ್ರೆಯ ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ನಿಮ್ಮ ಸಂಘದ ಪುಸ್ತಕದಲ್ಲಿ ಮಾತ್ರ ಕಾಣುತ್ತದೆ.

ಮಗುವಿನ ಹೊಟ್ಟೆಯೊಳಗೆ ಏನಾಗುತ್ತದೆ?

ನಮ್ಮ ಸಣ್ಣ ಕರುಳಿನ ಒಳಗೋಡೆ ನುಣುಪಾಗಿಲ್ಲ. ಟವೆಲ್ಲಿನ ಮೇಲೆ ನೂಲಿನ ಎಳೆ ಎದ್ದಿರುವ ಹಾಗೆ ಅಲ್ಲಿ ಸಾವಿರಾರು ಸಣ್ಣ ಎಳೆಗಳಿರುತ್ತವೆ. ತಿಂದ ಆಹಾರವನ್ನೂ ಕುಡಿದ ನೀರನ್ನೂ ಹೀರಿಕೊಳ್ಳುವುದು ಇವೇ. ರೋಟಾ ವೈರಸ್ ಈ ಎಳೆಗಳ ತುದಿಯನ್ನೇ ಹಾಳುಮಾಡುತ್ತದೆ. ಆಗ ಕರುಳು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಮೈಯೊಳಗಿನ ನೀರು, ಉಪ್ಪು ಕರುಳಿಗೆ ಇಳಿದು ಹೊರಗೆ ಹರಿದು ಹೋಗುತ್ತದೆ.

ರೋಗಾಣು ಒಳಗೆ ಹೋದ ಸುಮಾರು ಎರಡು ದಿನದಲ್ಲಿ ಕಾಯಿಲೆ ಶುರು. ಸಾಮಾನ್ಯವಾಗಿ ಮೊದಲು ವಾಂತಿ, ಜ್ವರ. ಆಮೇಲೆ ನೀರು ನೀರಾದ ಭೇದಿ. ಭೇದಿ ಮೂರು ದಿನದಿಂದ ಒಂದು ವಾರದವರೆಗೂ ಇರಬಹುದು. ವಾಂತಿಯೂ ಇರುವುದರಿಂದ ಮಗು ಕುಡಿದದ್ದು ನಿಲ್ಲುವುದಿಲ್ಲ. ಮೇಲಿನಿಂದಲೂ ಕೆಳಗಿನಿಂದಲೂ ನೀರು ಹೋಗುತ್ತದೆ. ಬೇರೆ ಭೇದಿಗಿಂತ ರೋಟಾ ಭೇದಿಯ ಮಕ್ಕಳು ಹೆಚ್ಚಾಗಿ ಆಸ್ಪತ್ರೆ ಸೇರುವುದು ಇದಕ್ಕೇ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಮಗುವಿನ ಜೀವ ತೆಗೆಯುವುದು ಭೇದಿಯಿಂದಾಗುವ ನೀರಿನ ಕೊರತೆ. ಎಂಟು ಕಿಲೋ ತೂಕದ ಮಗುವಿನ ಮೈಯಿಂದ 800 ಮಿ.ಲೀ. ನೀರು ಹೋದರೆ, ಅಂದರೆ ಒಂದು ಲೀಟರ್ ಬಾಟಲಿಗಿಂತ ಕಡಿಮೆ, ಅದು ಜೀವಕ್ಕೆ ಅಪಾಯದ ಸ್ಥಿತಿ. ದೊಡ್ಡವರಿಗೆ ಅಷ್ಟು ನೀರು ಹೋದರೆ ಸುಸ್ತಾಗಬಹುದು. ಮಗುವಿಗೆ ಅದು ಮೈಯ ತೂಕದ ಹತ್ತರಲ್ಲಿ ಒಂದು ಪಾಲು.

ಆಸ್ಪತ್ರೆಯಲ್ಲಿ ಡಾಕ್ಟರು ಮಾಡುವ ಮುಖ್ಯ ಕೆಲಸವೂ ಹೋದ ನೀರನ್ನು ವಾಪಸ್ ತುಂಬುವುದೇ. ಅಂಥ ಎಂಟು ಕಿಲೋ ಕೂಸಿಗೆ ಆರು ಗಂಟೆಯಲ್ಲಿ ಸುಮಾರು 800 ಮಿ.ಲೀ. ಡ್ರಿಪ್ ರಕ್ತನಾಳದ ಮೂಲಕ ಹಾಕುತ್ತಾರೆ. ರೋಟಾ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಆಂಟಿಬಯೋಟಿಕ್ ಇದಕ್ಕೆ ಕೆಲಸ ಮಾಡುವುದಿಲ್ಲ. ಮೈಯಲ್ಲಿ ನೀರು ಉಳಿಸಿಕೊಂಡರೆ ಕರುಳು ತಾನೇ ಗುಣವಾಗುತ್ತದೆ. ಹಾಗಾದರೆ ಆ ನೀರನ್ನು ಹೋದ ಕೂಡಲೇ, ಮನೆಯಲ್ಲೇ, ಬಾಯಿಯಿಂದಲೇ ತುಂಬುತ್ತಾ ಹೋದರೆ? ಬಹಳಷ್ಟು ಮಕ್ಕಳಿಗೆ ಡ್ರಿಪ್ಪಿನ ಅಗತ್ಯವೇ ಬರುವುದಿಲ್ಲ.

ಓ.ಆರ್.ಎಸ್.: ಡ್ರಿಪ್ ಮುಗಿದಾಗ ಜೀವ ಉಳಿಸಿದ ನೀರು

1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯ. ಲಕ್ಷಗಟ್ಟಲೆ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ಕಾಲರಾ ಬೇರೆ ಕಾಯಿಲೆ, ಆದರೆ ಕೊಲ್ಲುವ ದಾರಿ ಇದೇ, ನೀರಿನ ಕೊರತೆ. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಲನೋಬಿಸ್ ಅವರ ಹತ್ತಿರ ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಆಗ ಅವರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಅಳತೆಯಲ್ಲಿ ಬೆರೆಸಿ, ಡ್ರಮ್ಮುಗಳಲ್ಲಿ ನೀರು ಕಲಸಿಟ್ಟು, ರೋಗಿಗಳ ಮನೆಯವರಿಂದಲೇ ಲೋಟದಲ್ಲಿ ಕುಡಿಸಿದರು. ಮೊದಲು ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದ ಆ ಶಿಬಿರದಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಕುಡಿಸಿದವರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂಥ ಮನೆಯ ಜನ. ಮಹಲನೋಬಿಸ್ ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು.

ಬರೀ ನೀರು ಯಾಕೆ ಸಾಲದು? ಉಪ್ಪು ಮತ್ತು ಗ್ಲೂಕೋಸ್ ಸರಿಯಾದ ಅಳತೆಯಲ್ಲಿ ಜೊತೆಗಿದ್ದರೆ ಮಾತ್ರ ಕೆಟ್ಟ ಕರುಳು ಕೂಡ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಓ.ಆರ್.ಎಸ್. ಪುಡಿಯ ಗುಟ್ಟು ಇಷ್ಟೇ. ಅದಕ್ಕೇ ಅಳತೆ ಬಹಳ ಮುಖ್ಯ.

ಕಲಸುವುದು ಹೇಗೆ?

- ಮೊದಲು ಸೋಪು ಹಾಕಿ ಕೈ ತೊಳೆಯಿರಿ.
- ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಒಂದು ಲೀಟರ್ ನೀರಿನ ಬಾಟಲಿಯಲ್ಲಿ ಅಳೆದುಕೊಳ್ಳಿ. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದಿರುವಷ್ಟೇ ನೀರು.
- ಪೂರ್ತಿ ಪೊಟ್ಟಣ ಒಂದೇ ಸಲ ಹಾಕಿ. “ಇವತ್ತು ಅರ್ಧ, ನಾಳೆ ಅರ್ಧ” ಬೇಡ. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ತೊಂದರೆ.
- ಹಾಲು, ಸಕ್ಕರೆ ಏನನ್ನೂ ಸೇರಿಸಬೇಡಿ. ಕಲಸಿದ ಮೇಲೆ ಮತ್ತೆ ಕುದಿಸಬೇಡಿ.
- ಮುಚ್ಚಿಡಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ.

ಕುಡಿಸುವುದು ಹೇಗೆ?

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ. ಅದಕ್ಕಿಂತ ದೊಡ್ಡ ಮಗುವಿಗೆ ಅರ್ಧ ಲೋಟದಿಂದ ಒಂದು ಲೋಟ. ಒಂದೇ ಸಲ ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ. ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಿ. ವಾಂತಿ ಆಯಿತಾ? ಹತ್ತು ನಿಮಿಷ ಬಿಡಿ. ಆಮೇಲೆ ಎರಡು ಮೂರು ನಿಮಿಷಕ್ಕೆ ಒಂದು ಚಮಚದಂತೆ ಮತ್ತೆ ಶುರುಮಾಡಿ. ಇದಕ್ಕೆ ತಾಳ್ಮೆ ಬೇಕು, ರಾತ್ರಿ ಎದ್ದಿರಬೇಕು. ತಾಯಿ ಒಬ್ಬಳಿಂದಲೇ ಆಗುವ ಕೆಲಸವಲ್ಲ. ಅತ್ತೆ, ನಾದಿನಿ, ಗಂಡ ಎಲ್ಲರೂ ಸರದಿಯ ಮೇಲೆ ಚಮಚ ಹಿಡಿಯಲಿ.

ಪುಡಿ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಮಟ್ಟಸ ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ ಕೊಡಬಹುದು. ಪುಡಿ ತರುವವರೆಗೆ ಅದು ಆಧಾರ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಬಣ್ಣದ ಪೆಟ್ಟಿಗೆಯಲ್ಲಿ ಸಿಗುವ ಸಿಹಿ ಪಾನೀಯಗಳನ್ನು ಓ.ಆರ್.ಎಸ್. ಅಂತ ನಂಬಿ ಕೊಂಡವರು ಬಹಳ ಮಂದಿ. ಅವುಗಳಲ್ಲಿ ಸಕ್ಕರೆ ಹೆಚ್ಚು. ಸಕ್ಕರೆ ಹೆಚ್ಚಾದರೆ ಭೇದಿ ಇನ್ನೂ ಜಾಸ್ತಿಯಾಗುತ್ತದೆ. ಅಂಥ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಪದ ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಮಾಡಿದ್ದು ಎಂದು ಬರೆದಿದೆಯಾ ಅಂತ ನೋಡಿ. ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯ ಹತ್ತಿರವೇ ಕೇಳಿ ಪಡೆಯಿರಿ.

ಜಿಂಕ್ ಮಾತ್ರೆಯನ್ನು ಮರೆಯಬೇಡಿ

ಓ.ಆರ್.ಎಸ್. ಜೊತೆಗೆ ಜಿಂಕ್ ಮಾತ್ರೆ ಕೊಡಬೇಕು. ಇದು ಕರುಳು ಬೇಗ ಗುಣವಾಗಲು ಸಹಾಯ ಮಾಡುತ್ತದೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವುದನ್ನೂ ಕಡಿಮೆ ಮಾಡುತ್ತದೆ. 20 ಮಿಲಿಗ್ರಾಂ ಮಾತ್ರೆಯಾದರೆ ಎರಡು ತಿಂಗಳಿಂದ ಆರು ತಿಂಗಳ ಮಗುವಿಗೆ ದಿನಕ್ಕೆ ಅರ್ಧ, ಆರು ತಿಂಗಳು ದಾಟಿದ ಮಗುವಿಗೆ ಒಂದು. ಚಮಚದಲ್ಲಿ ಎದೆಹಾಲಿನಲ್ಲೋ ನೀರಿನಲ್ಲೋ ಕರಗಿಸಿ ಕುಡಿಸಿ. ಭೇದಿ ಮೂರನೇ ದಿನಕ್ಕೆ ನಿಂತರೂ 14 ದಿನ ಪೂರ್ತಿ ಕೊಡಬೇಕು.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಹತ್ತು ಮಕ್ಕಳಲ್ಲಿ ಓ.ಆರ್.ಎಸ್. ಸಿಕ್ಕಿದ್ದು ಸುಮಾರು ಆರು ಮಕ್ಕಳಿಗೆ. ಜಿಂಕ್ ಸಿಕ್ಕಿದ್ದು ಸುಮಾರು ಮೂರು ಮಕ್ಕಳಿಗೆ ಮಾತ್ರ. ನಿಮ್ಮ ಓಣಿಯಲ್ಲಿ ಎಷ್ಟು ಮಕ್ಕಳಿಗೆ ಸಿಗುತ್ತಿದೆ? ನೀವೇ ವಿಚಾರಿಸಿ ನೋಡಿ.

ಊಟ ನಿಲ್ಲಿಸಬಾರದು. “ಹೊಟ್ಟೆ ಖಾಲಿ ಇದ್ರೆ ಭೇದಿ ನಿಲ್ಲುತ್ತೆ” ಎನ್ನುವುದು ತಪ್ಪು ತಿಳಿವಳಿಕೆ. ಎದೆಹಾಲನ್ನು ಮೊದಲಿಗಿಂತ ಹೆಚ್ಚು ಸಲ ಕೊಡಿ. ಆರು ತಿಂಗಳು ದಾಟಿದ ಮಗುವಿಗೆ ಮೆತ್ತಗಿನ ಅನ್ನ ಬೇಳೆ, ಗಂಜಿ, ಇಡ್ಲಿ, ಬಾಳೆಹಣ್ಣು, ಮಜ್ಜಿಗೆ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದುಕೊಂಡ ತೂಕ ವಾಪಸ್ ಬರುತ್ತದೆ. ದೊಡ್ಡವರು ನುಂಗುವ ಭೇದಿ ನಿಲ್ಲಿಸುವ ಮಾತ್ರೆಯನ್ನು ಪುಡಿ ಮಾಡಿ ಮಗುವಿಗೆ ಕೊಡಲೇಬೇಡಿ. ಅದು ಅಪಾಯ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಮನೆಯಲ್ಲೇ ನೋಡಿಕೊಳ್ಳಿ ಎಂದರೆ ಆಸ್ಪತ್ರೆಗೆ ಹೋಗಬೇಡಿ ಎಂದಲ್ಲ. ಹೋಗಬೇಕಾದಾಗ ತಡ ಮಾಡಿದರೆ ಮಗು ಕೈತಪ್ಪುತ್ತದೆ. ಕೆಳಗಿನ ಒಂದು ಗುರುತು ಕಂಡರೂ ಕೂಡಲೇ ಹೊರಡಿ:

- ಮಗು ಮಂಕಾಗಿದೆ, ಎಬ್ಬಿಸಿದರೂ ಕಣ್ಣು ಬಿಡುವುದಿಲ್ಲ.
- ಕುಡಿಯಲು ಆಗುತ್ತಿಲ್ಲ, ಎದೆಹಾಲು ಎಳೆಯುತ್ತಿಲ್ಲ, ಅಥವಾ ಕೊಟ್ಟದ್ದೆಲ್ಲಾ ವಾಂತಿ.
- ಕಣ್ಣು ಗುಳಿ ಬಿದ್ದಿದೆ, ಅತ್ತರೆ ಕಣ್ಣೀರು ಬರುವುದಿಲ್ಲ, ಕೂಸಿನ ನೆತ್ತಿ ಕುಳಿ ಬಿದ್ದಿದೆ.
- ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಹಿಡಿದು ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ.
- ಆರು ಗಂಟೆಯಿಂದ ಮೂತ್ರ ಮಾಡಿಲ್ಲ.
- ಮಲದಲ್ಲಿ ರಕ್ತ ಇದೆ.
- ಮಗುವಿಗೆ ಎರಡು ತಿಂಗಳೂ ತುಂಬಿಲ್ಲ.

ನೆತ್ತಿ ಕುಳಿ ಬಿದ್ದರೆ ಎಣ್ಣೆ ಹಚ್ಚಿ ಕೂರುವವರಿದ್ದಾರೆ. ಅದು ಮೈಯ ನೀರು ಬತ್ತಿದೆ ಎಂಬ ಗುರುತು. ಎಣ್ಣೆಯಿಂದ ತುಂಬುವುದಿಲ್ಲ. 108ಕ್ಕೆ ಫೋನ್ ಮಾಡಿ. ದಾರಿಯುದ್ದಕ್ಕೂ, ಮಗು ಎಚ್ಚರವಿದ್ದು ನುಂಗುವಂತಿದ್ದರೆ, ಚಮಚದಲ್ಲಿ ಓ.ಆರ್.ಎಸ್. ಕೊಡುತ್ತಲೇ ಹೋಗಿ.

ರೋಟಾ ಲಸಿಕೆ: ಮೂರು ಸಲದ ಹನಿ

ವೆಲ್ಲೂರಿನ ಬಡ ಕೇರಿಗಳಲ್ಲಿ 373 ಮಕ್ಕಳನ್ನು ಹುಟ್ಟಿದಾಗಿನಿಂದ ಮೂರು ವರ್ಷ ತುಂಬುವವರೆಗೆ ವಿಜ್ಞಾನಿಗಳು ಗಮನಿಸಿದರು. ಆ ಮಕ್ಕಳಿಗೆ ರೋಟಾ ಮತ್ತೆ ಮತ್ತೆ ತಗಲಿತು. ಆದರೆ ಸಲ ಸಲಕ್ಕೂ ಜೋರಾದ ಕಾಯಿಲೆಯಿಂದ ರಕ್ಷಣೆ ಹೆಚ್ಚುತ್ತಾ ಹೋಯಿತು. ಲಸಿಕೆ ಮಾಡುವ ಕೆಲಸವೂ ಇದೇ. ಕಾಯಿಲೆ ತರದಷ್ಟು ದುರ್ಬಲವಾದ ವೈರಸ್ಸನ್ನು ಮುಂಚೆಯೇ ಕೊಟ್ಟು ಮೈಗೆ ಪಾಠ ಕಲಿಸುವುದು. ಒಂದು ಪಾಠ ಸಾಲದು, ಅದಕ್ಕೇ ಮೂರು ಸಲ.

ನಮ್ಮ ದೇಶದ ಲಸಿಕೆ ಸಿಕ್ಕ ಬಗೆಯೂ ಸ್ವಾರಸ್ಯವಾಗಿದೆ. 1985-86ರಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಆಗ ತಾನೇ ಹುಟ್ಟಿದ ಕೆಲವು ಕೂಸುಗಳಿಗೆ ರೋಟಾ ತಗಲಿದ್ದರೂ ಭೇದಿಯೇ ಆಗಲಿಲ್ಲ. ಮುಂದೆ ಅವರಿಗೆ ಜೋರಾದ ಕಾಯಿಲೆಯೂ ಕಡಿಮೆ. ಡಾ. ಮಹಾರಾಜ್ ಕಿಶನ್ ಭಾನ್ ಮತ್ತು ಸಂಗಡಿಗರು ಆ ತಳಿಯನ್ನು ಕಾಪಾಡಿಟ್ಟರು. ಬೆಂಗಳೂರಿನಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ದುರ್ಗಾ ರಾವ್ ಅವರ ತಂಡ ನವಜಾತ ಶಿಶುಗಳಲ್ಲಿ ಇಂಥದೇ ಇನ್ನೊಂದು ತಳಿಯನ್ನು ಗುರುತಿಸಿತ್ತು. ಕೊನೆಗೆ ದೆಹಲಿಯ ತಳಿಯಿಂದ ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ ರೋಟಾವ್ಯಾಕ್ ಲಸಿಕೆ ತಯಾರಿಸಿತು. ದೆಹಲಿ, ಪುಣೆ, ವೆಲ್ಲೂರಿನ 6,799 ಶಿಶುಗಳಲ್ಲಿ ಪರೀಕ್ಷೆಯಾಯಿತು. 2016ರಲ್ಲಿ ಆಂಧ್ರಪ್ರದೇಶ, ಹರಿಯಾಣ, ಹಿಮಾಚಲ ಪ್ರದೇಶ, ಒಡಿಶಾ ರಾಜ್ಯಗಳಲ್ಲಿ ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. 2019ರಲ್ಲಿ ರೋಟಾ ಲಸಿಕೆ ನಮ್ಮ ಕರ್ನಾಟಕವೂ ಸೇರಿ ದೇಶಕ್ಕೆಲ್ಲಾ ಹರಡಿತು.

ಈಗ ಇದನ್ನು ಮಗುವಿಗೆ 6, 10 ಮತ್ತು 14 ವಾರಕ್ಕೆ ಉಚಿತವಾಗಿ ಬಾಯಿಗೆ ಹಾಕುತ್ತಾರೆ. ಸೂಜಿ ಇಲ್ಲ. ಪುಣೆಯ ಸೀರಂ ಕಂಪನಿಯ ಲಸಿಕೆಯೂ ಬಳಕೆಯಲ್ಲಿದೆ. ಕೊಡುವ ಪ್ರಮಾಣ ಬೇರೆ, ಕೆಲಸ ಒಂದೇ.

ತಾಯಂದಿರು ಕೇಳುವ ಪ್ರಶ್ನೆಗಳು

“ಪೋಲಿಯೋ ಹನಿ ಹಾಕಿಸಿದ್ದೀವಲ್ಲಾ, ಸಾಲದಾ?” ಸಾಲದು. ಪೋಲಿಯೋ ಹನಿ ಬೇರೆ, ರೋಟಾ ಲಸಿಕೆ ಬೇರೆ. ಎರಡೂ ಒಂದೇ ದಿನ ಬಾಯಿಗೇ ಹಾಕುವುದರಿಂದ ಗೊಂದಲವಾಗುತ್ತದೆ. ತಾಯಿ ಕಾರ್ಡಿನಲ್ಲಿ ರೋಟಾ ಎಂಬ ಹೆಸರಿನ ಮುಂದೆ ಮೂರು ತಾರೀಖು ಇದೆಯಾ ನೋಡಿ.

“ತವರಿಗೆ ಹೋಗಿದ್ದೆ, ಆರು ವಾರಕ್ಕೆ ಹಾಕಿಸಲಿಲ್ಲ. ಇನ್ನು ಆಗಲ್ವಾ?” ಆಗುತ್ತದೆ. ಮೊದಲ ಸಲದ್ದನ್ನು ಒಂದು ವರ್ಷ ತುಂಬುವುದರೊಳಗೆ ಶುರುಮಾಡಬಹುದು. ಆದರೆ ಕಾಯಬೇಡಿ. ಲಸಿಕೆ ಹಾಕಿಸದ ಪ್ರತಿ ತಿಂಗಳೂ ಮಗುವಿಗೆ ರಕ್ಷಣೆಯಿಲ್ಲದ ತಿಂಗಳು.

“ಹನಿ ಹಾಕಿಸಿದ ಮೇಲೂ ನಮ್ಮ ಮಗೂಗೆ ಭೇದಿ ಬಂತಲ್ಲಾ?” ಬರಬಹುದು. ಭೇದಿಗೆ ಬೇರೆ ರೋಗಾಣುಗಳೂ ಇವೆ. ರೋಟಾಗೂ ಈ ಲಸಿಕೆ ನೂರಕ್ಕೆ ನೂರು ತಡೆಯಲ್ಲ. ಜೋರಾದ ರೋಟಾ ಕಾಯಿಲೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ತಡೆಯುತ್ತದೆ. ಅರ್ಧ ಎಂದರೆ ಕಡಿಮೆ ಅನ್ನಿಸಬಹುದು. ಆದರೆ 2016ರಿಂದ 2020ರವರೆಗೆ ಒಂಬತ್ತು ರಾಜ್ಯಗಳ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ, ಭೇದಿಯಿಂದ ದಾಖಲಾದ ಮಕ್ಕಳಲ್ಲಿ ರೋಟಾದವರ ಪಾಲು ನೂರಕ್ಕೆ 40ರಿಂದ ಸುಮಾರು 20ಕ್ಕೆ ಇಳಿದಿತ್ತು. ಹತ್ತು ಹಾಸಿಗೆಯಲ್ಲಿ ನಾಲ್ಕು ಇದ್ದದ್ದು ಎರಡಾಯಿತು. ಉಳಿದ ಎರಡಕ್ಕೆ ಓ.ಆರ್.ಎಸ್. ಮತ್ತು ಜಿಂಕ್ ಬೇಕೇ ಬೇಕು.

“ತೊಂದರೆ ಏನೂ ಇಲ್ವಾ?” ಬಹಳ ಅಪರೂಪಕ್ಕೆ ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುವ ತೊಂದರೆ ಆಗಬಹುದು. ಲಸಿಕೆ ಹಾಕಿಸದ ಮಕ್ಕಳಿಗೂ ಅದು ಬರುವುದುಂಟು. ಲಸಿಕೆ ಆದ ಕೆಲವು ದಿನಗಳಲ್ಲಿ ಮಗು ತಡೆತಡೆದು ಕಿರುಚಿ ಅತ್ತು, ಹೊಟ್ಟೆ ಉಬ್ಬಿ, ವಾಂತಿ ಮಾಡಿ, ಮಲದಲ್ಲಿ ರಕ್ತ ಬಂದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆ ತೊಂದರೆ ಮೊದಲೇ ಆಗಿದ್ದ ಮಗುವಾದರೆ ಲಸಿಕೆಗೆ ಮುಂಚೆ ಹೇಳಿ.

“ಕೈ ತೊಳೆದರೆ ಸಾಕಲ್ವಾ?” ಕೈ ತೊಳೆಯಲೇಬೇಕು. ಮಗುವಿನ ಮಲ ತೊಳೆದ ಮೇಲೆ, ಅಡುಗೆಗೆ ಮುಂಚೆ, ಮಗುವಿಗೆ ತಿನ್ನಿಸುವ ಮುಂಚೆ ಸೋಪು ಹಾಕಿ ತೊಳೆಯಿರಿ. ಕೂಸಿನ ಮಲವನ್ನೂ ಶೌಚಾಲಯಕ್ಕೇ ಹಾಕಿ. ಇದರಿಂದ ಬಹಳಷ್ಟು ಭೇದಿ ತಪ್ಪುತ್ತದೆ. ಆದರೆ ರೋಟಾ ಹರಡಲು ಕಣ್ಣಿಗೆ ಕಾಣದಷ್ಟು ಮಲ ಸಾಕು. ಆಟಿಕೆ, ಬಾಗಿಲು, ಬಟ್ಟೆಯ ಮೇಲೆ ದಿನಗಟ್ಟಲೆ ಉಳಿಯುತ್ತದೆ. ಆದ್ದರಿಂದ ಕೈ ತೊಳೆಯುವುದೂ ಬೇಕು, ಲಸಿಕೆಯೂ ಬೇಕು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡುವುದೂ ಅಷ್ಟೇ ಮುಖ್ಯ.

ಸಂಘ ಏನು ಮಾಡಬಹುದು?

1. ಸಂಘದ ಸದಸ್ಯೆಯರ ಮನೆಗಳಲ್ಲಿ ಮತ್ತು ಅಕ್ಕಪಕ್ಕದಲ್ಲಿ ಎರಡು ವರ್ಷದೊಳಗಿನ ಮಕ್ಕಳೆಷ್ಟು, ಪಟ್ಟಿ ಮಾಡಿ. ಮುಂದಿನ ಸಭೆಗೆ ಎಲ್ಲರೂ ತಾಯಿ ಕಾರ್ಡ್ ತರಲಿ. ರೋಟಾ ಬಿಟ್ಟುಹೋದ ಮಕ್ಕಳ ಹೆಸರು ಬರೆದು ಆಶಾ ಕಾರ್ಯಕರ್ತೆಗೆ ಕೊಡಿ.
2. ಲಸಿಕೆಯ ದಿನ ಕೂಲಿಗೆ ಹೋಗಲೇಬೇಕಾದ ತಾಯಿಯ ಮಗುವನ್ನು ಇನ್ನೊಬ್ಬ ಸದಸ್ಯೆ ಅಂಗನವಾಡಿಗೆ ಕರೆದುಕೊಂಡು ಹೋಗಲಿ. ಕಾರ್ಡ್ ಜೊತೆಗಿರಲಿ.
3. ಪ್ರತಿ ಓಣಿಗೆ ಒಂದು ಮನೆಯಲ್ಲಿ ಓ.ಆರ್.ಎಸ್. ಪೊಟ್ಟಣ ಮತ್ತು ಜಿಂಕ್ ಮಾತ್ರೆ ಇರಲಿ. ಅವಧಿ ಮುಗಿಯುವ ತಾರೀಖು ನೋಡಿಡಿ. ಉಪಕೇಂದ್ರದಲ್ಲಿ ಇಲ್ಲ ಎಂದರೆ ಸಂಘದ ಹೆಸರಿನಲ್ಲಿ ವೈದ್ಯಾಧಿಕಾರಿಗೆ ಅರ್ಜಿ ಕೊಡಿ. ಒಬ್ಬಳು ಕೇಳಿದರೆ ನಾಳೆ ಬಾ ಅನ್ನಬಹುದು, ಹದಿನೈದು ಜನ ಸಹಿ ಹಾಕಿದರೆ ಉತ್ತರ ಕೊಡಬೇಕಾಗುತ್ತದೆ.
4. ಒಂದು ಸಭೆಯಲ್ಲಿ ಓ.ಆರ್.ಎಸ್. ಕಲಸಿ ತೋರಿಸಿ. ಹಿರಿಯರನ್ನೂ ಕರೆಯಿರಿ. ಮನೆಯಲ್ಲಿ ಕೊನೆಯ ಮಾತು ಬಹಳ ಸಲ ಅಜ್ಜಿಯದೇ.
5. ರಾತ್ರಿ ಹೊತ್ತು ಮಗುವನ್ನು ಆಸ್ಪತ್ರೆಗೆ ಸಾಗಿಸಲು ಸಂಘದ ಹಣದಿಂದ ಸಭೆ ಕಾಯದೆ ಕೊಡುವ ಒಂದು ಸಣ್ಣ ತುರ್ತು ಮೊತ್ತವನ್ನು ಠರಾವು ಮಾಡಿ ಇಡಿ. ಹಣ ಹೊಂದಿಸಲು ಕಳೆದ ಎರಡು ಗಂಟೆಯೇ ಕೆಲವು ಮಕ್ಕಳಿಗೆ ಮುಳುವಾಗುತ್ತದೆ.

ಸಭೆಯಲ್ಲಿ ಚರ್ಚಿಸಿ:

- ಕಳೆದ ಒಂದು ವರ್ಷದಲ್ಲಿ ನಮ್ಮ ಸಂಘದಿಂದ ಮಕ್ಕಳ ವಾಂತಿಭೇದಿಗೆ ಎಷ್ಟು ಸಾಲ ಹೋಗಿದೆ? ಕೂಲಿ ಎಷ್ಟು ದಿನ ಹೋಗಿದೆ?
- ಆ ಮಕ್ಕಳಿಗೆ ಮೊದಲ ದಿನವೇ ಓ.ಆರ್.ಎಸ್. ಕೊಟ್ಟಿದ್ದೆವಾ? ಜಿಂಕ್ 14 ದಿನ ಕೊಟ್ಟಿದ್ದೆವಾ?
- ನಮ್ಮಲ್ಲಿ ಯಾವ ಮಗುವಿಗೆ ರೋಟಾ ಲಸಿಕೆ ಇನ್ನೂ ಬಾಕಿ ಇದೆ? ಈ ವಾರ ಕರೆದುಕೊಂಡು ಹೋಗುವವರು ಯಾರು?

ಮೂರನೇ ಪ್ರಶ್ನೆಗೆ ಹೆಸರು ಬರೆಯದೆ ಸಭೆ ಮುಗಿಸಬೇಡಿ.